ಇಬ್ಬನಿ ಒಣಗಿದ ಸನ್‌ಡ್ಯೂ: ಸೊರಗಿದ ಗಿಡದ ಚೇತರಿಕೆ, ಮರಿ ಮಾಡುವ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬಹುಮಟ್ಟಿಗೆ ಡ್ರೊಸೆರಾ ಕೇಪೆನ್ಸಿಸ್ ಎಂಬ ಸನ್‌ಡ್ಯೂ, ಎಂದರೆ ಎಲೆಯ ಮೇಲಿನ ಇಬ್ಬನಿಯಂಥ ಅಂಟು ಹನಿಗಳಿಂದ ಹುಳ ಹಿಡಿಯುವ ಗಿಡ. ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಈ ಕೀಟಾಹಾರಿ ಗಿಡ ಹೊಸಬರ ತಪ್ಪುಗಳನ್ನು ಬೇರೆಲ್ಲ ಸನ್‌ಡ್ಯೂಗಳಿಗಿಂತ ಹೆಚ್ಚು ಸಹಿಸಿಕೊಳ್ಳುತ್ತದೆ. ಸ್ಪ್ಯಾಟುಲಾಟಾ, ಅಡೆಲೆ, ಬರ್ಮಾನೈ ಎಂಬ ಬೇರೆ ಸನ್‌ಡ್ಯೂ ಜಾತಿಗಳ ನಡತೆ ಬೇರೆಯಾದಲ್ಲಿ ಅದನ್ನೂ ಹೇಳಿದ್ದೇನೆ. ನಾನು ಸಾಕುವುದು ಬೆಂಗಳೂರಿನ ಒಂದು ಬಾಲ್ಕನಿಯಲ್ಲಿ. ಮೊದಲ ಮೂರು ಗಿಡಗಳನ್ನು ಪ್ರೀತಿಯಿಂದಲೇ ಕೊಂದವನು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕೊರಿಯರ್‌ನಲ್ಲಿ ಬಂದ ಗಿಡದ ಮೇಲೆ ಒಂದೇ ಒಂದು ಅಂಟು ಹನಿಯೂ ಇಲ್ಲ. ಸತ್ತುಹೋಗಿದೆಯೇ?

ಬಹುಶಃ ಇಲ್ಲ. ಮೂರು ನಾಲ್ಕು ದಿನ ಕತ್ತಲ ಡಬ್ಬಿಯಲ್ಲಿ, ಒದ್ದೆ ಕಾಗದದಲ್ಲಿ ಸುತ್ತಿಸಿಕೊಂಡು ಬಂದ ಗಿಡದಲ್ಲಿ ಹನಿ ಉಳಿದಿದ್ದರೇ ಆಶ್ಚರ್ಯ. ಎಲೆಯ ರೋಮಗಳ ತುದಿಯಲ್ಲಿ ಹೊಳೆಯುವ ಆ ಅಂಟನ್ನು ತಯಾರಿಸಲು ಗಿಡಕ್ಕೆ ಬೆಳಕೂ ನೀರೂ ಬೇಕು; ಎರಡರಲ್ಲಿ ಒಂದು ತಪ್ಪಿದರೂ ಅದು ಮೊದಲು ನಿಲ್ಲಿಸುವುದು ಈ ಖರ್ಚನ್ನೇ. ಹಾಗಾಗಿ ಹಳೆಯ ಎಲೆಗಳನ್ನು ನೋಡಿ ಕೊರಗಬೇಡಿ. ಗಿಡದ ನಡುವಿನ ಸುಳಿಯನ್ನು ನೋಡಿ. ಅದು ಹಸಿರಾಗಿದ್ದು, ಬೆರಳ ತುದಿಯಿಂದ ಮುಟ್ಟಿದಾಗ ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಕಪ್ಪಾಗಿ ಮೆತ್ತಗಾಗಿದ್ದರೆ ಮಾತ್ರ ಚಿಂತೆ. ಆಗಲೂ ಎಲ್ಲ ಮುಗಿಯಿತು ಎಂದಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಪ್ರಯಾಣದಲ್ಲಿ ಮಡಚಿಹೋದ ಎಲೆಗಳಲ್ಲಿ ಹನಿ ಮತ್ತೆ ಬಾರದೆಯೂ ಇರಬಹುದು. ಗಿಡದ ಆರೋಗ್ಯದ ವರದಿ ಸಿಗುವುದು ಇಲ್ಲಿಗೆ ಬಂದ ಮೇಲೆ ಬಿಚ್ಚಿಕೊಂಡ ಎಲೆಯಲ್ಲಿ. ಒಂದರಿಂದ ಮೂರು ವಾರದೊಳಗೆ ಅಂಥದೊಂದು ಎಲೆ ಹನಿ ಹೊತ್ತು ನಿಂತರೆ ಗೆದ್ದಂತೆ.

ಹಾಗಾದರೆ ಮೊದಲ ವಾರ ನಾನು ಏನು ಮಾಡಬೇಕು?

ಆದಷ್ಟು ಕಡಿಮೆ. ಬಾಣಂತಿಯ ಉಪಚಾರದಂತೆ ಗಂಟೆಗೊಂದು ಸೇವೆ ಮಾಡುವ ಉತ್ಸಾಹವೇ ಇಲ್ಲಿ ಶತ್ರು. ಬಂದ ದಿನವೇ ಕುಂಡ ಬದಲಿಸಿ, ಬಿಸಿಲಿಗಿಟ್ಟು, ಇರುವೆ ತಿನ್ನಿಸಿ, ಔಷಧಿ ಸಿಂಪಡಿಸಿದರೆ, ಮುಂದೆ ಗಿಡ ಸೊರಗಿದಾಗ ಯಾವುದರಿಂದ ಸೊರಗಿತು ಎಂಬುದೂ ತಿಳಿಯುವುದಿಲ್ಲ. ಬರಿ ಬೇರಿನಲ್ಲಿ ಬಂದಿದ್ದರೆ ನೆಡಿ, ಕುಂಡದಲ್ಲೇ ಬಂದಿದ್ದರೆ ಅದರಲ್ಲೇ ಬಿಡಿ. ತಟ್ಟೆಯಲ್ಲಿ ಒಂದು ಸೆಂಟಿಮೀಟರಿನಷ್ಟು ಶುದ್ಧ ನೀರು, ನೇರ ಬಿಸಿಲಿಲ್ಲದ ಒಳ್ಳೆಯ ಬೆಳಕು, ಅಷ್ಟೇ. ಪೂರ್ತಿ ಕಂದಾಗಿ ಒಣಗಿದ ಎಲೆಗಳನ್ನು ಕತ್ತರಿಸಿ ತೆಗೆಯಬಹುದು, ಬೂಷ್ಟು ಹಿಡಿಯುವುದು ತಪ್ಪುತ್ತದೆ. ಅರ್ಧ ಹಸಿರಿರುವುದನ್ನು ಮುಟ್ಟಬೇಡಿ. ಅದು ಇನ್ನೂ ಗಿಡಕ್ಕೆ ಊಟ ಮಾಡಿ ಹಾಕುತ್ತಿದೆ.

ನಲ್ಲಿ ನೀರು ಹಾಕಬಹುದೇ? ಕುದಿಸಿ ಆರಿಸಿದರೆ?

ಇಡೀ ಸನ್‌ಡ್ಯೂ ಸಾಕಣೆಯಲ್ಲಿ ಒಂದೇ ಒಂದು ಮಾತು ಹೇಳಲು ಅವಕಾಶವಿದ್ದರೆ ನಾನು ನೀರಿನ ಬಗ್ಗೆ ಹೇಳುತ್ತೇನೆ. ಈ ಗಿಡಗಳು ಹುಟ್ಟಿ ಬೆಳೆದದ್ದು ಲವಣವೇ ಇಲ್ಲದ ಜವುಗು ನೆಲದಲ್ಲಿ. ಮಣ್ಣಿನಲ್ಲಿ ಸಾರಜನಕವೂ ರಂಜಕವೂ ಸಿಗದ ಕಾರಣಕ್ಕೇ ಹುಳ ಹಿಡಿಯುವ ವಿದ್ಯೆ ಕಲಿತವು. ನಮ್ಮ ನೀರಿನ ಕ್ಯಾಲ್ಸಿಯಂ, ಸೋಡಿಯಂಗಳನ್ನು ತಡೆದುಕೊಳ್ಳುವ ಶಕ್ತಿ ಆ ಬೇರುಗಳಿಗಿಲ್ಲ.

ನೀರಿನಲ್ಲಿ ಕರಗಿದ ಲವಣದ ಅಳತೆಗೆ ಟಿಡಿಎಸ್ ಎನ್ನುತ್ತಾರೆ. ಅಳೆಯುವ ಪೆನ್ನಿನಂಥ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಗಿಡಕ್ಕಿಂತ ಮೊದಲು ಅದನ್ನು ಕೊಳ್ಳಿ. 50 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ನೀರಿನಲ್ಲಿ 50 ಪಾಲು ಲವಣ) ಕಡಿಮೆ ಇದ್ದರೆ ಒಳ್ಳೆಯದು. ಕೇಪೆನ್ಸಿಸ್‌ನಂಥ ಗಟ್ಟಿ ಜೀವ 100ರವರೆಗೂ ಹೇಗೋ ನಿಭಾಯಿಸುತ್ತದೆ, ಆದರೆ ಕಾಯಿಲೆಯಿಂದ ಏಳುತ್ತಿರುವ ಗಿಡದ ಮೇಲೆ ಆ ಪರೀಕ್ಷೆ ಬೇಡ. ಬೋರ್‌ವೆಲ್ ನೀರಿನಲ್ಲಿ ಇದು ಹಲವು ನೂರು ಇರುವುದು ಸಾಮಾನ್ಯ. ನದಿ ನೀರು ಬರುವ ಮನೆಗಳಲ್ಲೂ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೆರೆಯುತ್ತದೆ. ಹಾಗಾಗಿ ಒಮ್ಮೆ ಅಳೆದು ನಿಶ್ಚಿಂತರಾಗಬೇಡಿ.

ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಲವಣ ಪಾತ್ರೆಯಲ್ಲೇ ಉಳಿಯುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್‌ಗಳು ರೋಗಾಣುವಿಗೆ ಮದ್ದು, ಲವಣಕ್ಕಲ್ಲ. ಮನೆಯ ಆರ್‌ಒ ನೀರು ಆಗಬಹುದು, ಆದರೆ ಎಷ್ಟೋ ಯಂತ್ರಗಳು ರುಚಿಗೆಂದು ಕೊನೆಯಲ್ಲಿ ಖನಿಜ ಬೆರೆಸಿಯೇ ಬಿಡುತ್ತವೆ. ಅದನ್ನೂ ಅಳೆದೇ ಹಾಕಿ. ಆ ಯಂತ್ರ ಹೊರಚೆಲ್ಲುವ ನೀರಂತೂ ವಿಷ. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರು ಬಹಳ ಒಳ್ಳೆಯದು, ಯಂತ್ರವನ್ನು ರಾಸಾಯನಿಕ ಹಾಕಿ ತೊಳೆದ ಮೊದಲ ಕೆಲವು ದಿನಗಳನ್ನು ಬಿಟ್ಟು. ಇವೆಲ್ಲಕ್ಕಿಂತ ಮೇಲು ಮಳೆ ನೀರು. ಮೊದಲ ಹತ್ತು ನಿಮಿಷದ ಮಳೆ ಮಹಡಿಯ ಧೂಳು ತೊಳೆಯಲಿ, ಆಮೇಲೆ ಬಕೆಟ್ ಇಡಿ. ಮುಚ್ಚಳವಿರುವ ಕ್ಯಾನ್‌ಗಳಲ್ಲಿ ತುಂಬಿ ಕತ್ತಲಲ್ಲಿಡಿ. ನಮ್ಮ ಮನೆಯಲ್ಲಿ ಜೂನ್ ಬಂದರೆ ನೆಂಟರಿಗಿಂತ ಕ್ಯಾನ್‌ಗಳೇ ಹೆಚ್ಚು ಜಾಗ ಹಿಡಿಯುತ್ತವೆ.

ಈಗಾಗಲೇ ಗಡಸು ನೀರು ಹಾಕಿಬಿಟ್ಟಿದ್ದೇನೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕೂತಿದೆ.

ಅದು ಲವಣ. ನನ್ನ ಮೊದಲ ಗಿಡದ ಕುಂಡದಲ್ಲಿ ಆ ಬಿಳಿ ಪುಡಿಯನ್ನು ಕಂಡು ಪರ್ಲೈಟ್ (ಕುಂಡದ ಮಿಶ್ರಣಕ್ಕೆ ಬೆರೆಸುವ ಹಗುರವಾದ ಬಿಳಿ ಹರಳು) ಇರಬೇಕು ಎಂದುಕೊಂಡಿದ್ದೆ. ಕುಂಡವನ್ನು ಬಚ್ಚಲಲ್ಲಿಟ್ಟು ಮೇಲಿನಿಂದ ಶುದ್ಧ ನೀರನ್ನು ನಿಧಾನವಾಗಿ, ಕುಂಡದ ಗಾತ್ರದ ನಾಲ್ಕೈದು ಪಟ್ಟು ಸುರಿಯಿರಿ. ಕೆಳಗಿನಿಂದ ಹೊರಬರುವ ನೀರನ್ನು ಅಳೆದು ನೋಡಿದರೆ ಸಂಖ್ಯೆ ಇಳಿಯುತ್ತ ಬರುವುದು ಕಾಣುತ್ತದೆ. ತಿಂಗಳುಗಟ್ಟಲೆ ಹಾಕಿದ್ದರೆ ತೊಳೆದು ಪ್ರಯೋಜನವಿಲ್ಲ, ಗಿಡ ನೆಟ್ಟ ಮಿಶ್ರಣವನ್ನೇ ಬದಲಿಸಿ.

ತಟ್ಟೆಯಲ್ಲಿ ನೀರು ನಿಲ್ಲಿಸಿದರೆ ಸೊಳ್ಳೆ, ಡೆಂಗಿ ಎಂದು ಮನೆಯವರು ಬೈಯುತ್ತಾರೆ.

ಅವರು ಹೇಳುವುದು ಸರಿ. ಡೆಂಗಿ ಹರಡುವ ಸೊಳ್ಳೆಗೆ ಇಂಥ ಶುದ್ಧ, ನಿಂತ ನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಷ್ಟು ಕಾಲ ಬೇಕು. ಆದ್ದರಿಂದ ನಾಲ್ಕು ದಿನಕ್ಕೊಮ್ಮೆ ತಟ್ಟೆಯನ್ನು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ಉಜ್ಜಿ ತೊಳೆದು ಮತ್ತೆ ತುಂಬಿ. ನಾನು ಇನ್ನೂ ಸರಳ ಮಾಡಿಕೊಂಡಿದ್ದೇನೆ: ತಟ್ಟೆ ಒಣಗಿದ ಮೇಲೆ ಒಂದು ದಿನ ಬಿಟ್ಟು ನೀರು ಹಾಕುತ್ತೇನೆ. ಮಿಶ್ರಣ ಒದ್ದೆಯಿದ್ದರೆ ಸಾಕು, ಬೇರುಗಳಿಗೂ ಒಂದಿಷ್ಟು ಗಾಳಿ ಸಿಗುತ್ತದೆ.

ಯಾವ ಮಣ್ಣು?

ಮಣ್ಣೇ ಅಲ್ಲ. ಕೆಂಪು ಮಣ್ಣು, ಗೋಡು, ಎರೆಗೊಬ್ಬರ, ಬೇವಿನ ಹಿಂಡಿ ಇವುಗಳಲ್ಲಿ ಯಾವುದೂ ಬೇಡ. ಗೊಬ್ಬರ ಬೆರೆಸದ ಪೀಟ್ ಮಾಸ್ (ಜವುಗಿನಲ್ಲಿ ಅರೆಕೊಳೆತ ಪಾಚಿ) ಎರಡು ಪಾಲು, ಪರ್ಲೈಟ್ ಅಥವಾ ತೊಳೆದ ಸಿಲಿಕಾ ಮರಳು ಒಂದು ಪಾಲು. ಚೀಲದ ಮೇಲೆ ಪೋಷಕಾಂಶ ಸೇರಿಸಿದೆ ಎಂದು ಹೆಮ್ಮೆಯಿಂದ ಬರೆದಿದ್ದರೆ ಅಂಗಡಿಯವನಿಗೆ ವಾಪಸು ಕೊಡಿ.

ಕೊಕೊಪೀಟ್ ಅಗ್ಗ, ಎಲ್ಲೆಡೆ ಸಿಗುತ್ತದೆ, ತೆಂಗಿನ ನಾಡಿನವರಿಗೆ ಅದರ ಮೇಲೆ ಮಮತೆಯೂ ಇದೆ. ಆದರೆ ನಾರನ್ನು ಉಪ್ಪು ನೀರಿನಲ್ಲಿ ನೆನೆಸಿ ತೆಗೆಯುವುದುಂಟು, ಆ ಉಪ್ಪು ಕೊಕೊಪೀಟ್ ಇಟ್ಟಿಗೆಯಲ್ಲೇ ಉಳಿದಿರುತ್ತದೆ. ಹತ್ತಾರು ಸಲ ನೆನೆಸಿ ಹಿಂಡಿ, ಹಿಂಡಿದ ನೀರಿನ ಅಳತೆ ಹಾಕಿದ ನೀರಿನ ಅಳತೆಗೆ ಹತ್ತಿರವಾಗುವವರೆಗೂ ತೊಳೆಯುವ ತಾಳ್ಮೆ ಇದ್ದರೆ ಕೇಪೆನ್ಸಿಸ್ ಅದರಲ್ಲಿ ಬದುಕುತ್ತದೆ. ಅಷ್ಟು ಹೊತ್ತು ಹಿಂಡುವುದಕ್ಕಿಂತ ಪೀಟ್ ಕೊಳ್ಳುವುದೇ ವಾಸಿ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಮನೆ ಕಟ್ಟುವ ಎಂ-ಸ್ಯಾಂಡ್ ಬೇಡ. ಕಡಲ ದಂಡೆಯ ಮರಳಂತೂ ಬೇಡವೇ ಬೇಡ. ಕುಂಡ ಪ್ಲಾಸ್ಟಿಕ್‌ನದೇ ಇರಲಿ. ಮಣ್ಣಿನ ಕುಂಡ ನೋಡಲು ಚೆಂದ, ಆದರೆ ಅದರ ಗೋಡೆಯಲ್ಲಿ ಲವಣ ಕೂಡಿಕೊಳ್ಳುತ್ತದೆ.

ಸ್ವಲ್ಪವೇ ಸ್ವಲ್ಪ ಗೊಬ್ಬರ?

ಬೇರಿಗೆ ಇಲ್ಲ.

ಬಿಸಿಲಿಗೆ ಯಾವಾಗ ಇಡಬೇಕು?

ಹೊಸ ಎಲೆಯಲ್ಲಿ ಹನಿ ಕಂಡ ಮೇಲೆ. ಮೊದಲು ದಿನಕ್ಕೆ ಒಂದು ಗಂಟೆ ಬೆಳಗಿನ ಬಿಸಿಲು, ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹೆಚ್ಚು. ಕೊನೆಗೆ ಮೂರು ನಾಲ್ಕು ಗಂಟೆ ಬೆಳಗಿನ ಬಿಸಿಲಿಗೆ ಒಗ್ಗಿದ ಕೇಪೆನ್ಸಿಸ್‌ನ ರೋಮಗಳು ಕೆಂಪೇರಿ, ಹನಿಗಳು ದಪ್ಪವಾಗಿ, ದೂರದಿಂದಲೇ ಮಿನುಗುತ್ತವೆ. ಎಲೆಗಳು ಉದ್ದವಾಗಿ, ತೆಳ್ಳಗೆ, ಬರಿ ಹಸಿರಾಗಿ ಜೋತುಬಿದ್ದರೆ ಬೆಳಕು ಸಾಲದು ಎಂದರ್ಥ. ಬಿಸಿಲೇ ಬಾರದ ಮನೆಯಾದರೆ ಬಿಳಿ ಎಲ್‌ಇಡಿ ದೀಪವನ್ನು ಗಿಡದ ಮೇಲೆ ಒಂದು ಗೇಣು ಎತ್ತರದಲ್ಲಿ ಕಟ್ಟಿ ದಿನಕ್ಕೆ 12ರಿಂದ 14 ಗಂಟೆ ಉರಿಸಿ. ಅಡೆಲೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಗಿಡ, ಅದಕ್ಕೆ ನೆರಳೇ ಹಿತ.

ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಬೇಕೇ? ಗಾಜಿನ ಜಾಡಿಯಲ್ಲಿಟ್ಟರೆ?

ಬೇರು ಹರಿದು ಬಂದ ಗಿಡಕ್ಕೆ ಮೊದಲ ಒಂದು ವಾರ ಸಡಿಲವಾಗಿ ಮುಚ್ಚಿದರೆ ನೆರವಾಗುತ್ತದೆ. ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಎಳೆಯಲಾರದು. ಆಮೇಲೆ ದಿನಕ್ಕೊಂದು ತೂತು ಹೆಚ್ಚಿಸಿ, ಹತ್ತು ಹದಿನೈದು ದಿನದಲ್ಲಿ ತೆಗೆದುಬಿಡಿ. ಒಮ್ಮೆಲೇ ತೆಗೆದರೆ ಮತ್ತೆ ಹನಿ ಒಣಗಿ, ನೀವು ಗಾಬರಿಯಾಗಿ ಮತ್ತೆ ಮುಚ್ಚುತ್ತೀರಿ. ಶಾಶ್ವತವಾಗಿ ಮುಚ್ಚಿದ ಜಾಡಿ ನೋಡುವವರಿಗೆ ಅಲಂಕಾರ, ಬೂಷ್ಟಿಗೆ ಅರಮನೆ. ಬಿಸಿಲಿನಲ್ಲಿ ಮುಚ್ಚಿದ ಗಾಜಿನೊಳಗೆ ಗಿಡ ಬೇಯುತ್ತದೆ ಎಂಬುದನ್ನೂ ಮರೆಯಬೇಡಿ. ಎಲೆಗಳ ಮೇಲೆ ನೀರು ಚಿಮುಕಿಸುವುದರಿಂದಲೂ ಲಾಭವಿಲ್ಲ, ಇದ್ದ ಅಂಟೂ ತೊಳೆದುಹೋಗುತ್ತದೆ.

ಶಕ್ತಿ ಬರಲಿ ಎಂದು ಹುಳ ತಿನ್ನಿಸಲೇ?

ಜ್ವರದಿಂದ ಎದ್ದವನಿಗೆ ಗಂಜಿ ಕೊಡುತ್ತೇವೆ, ಹೋಳಿಗೆ ಊಟ ಹಾಕುವುದಿಲ್ಲ. ಹನಿ ಇಲ್ಲದ ಎಲೆಗೆ ಹುಳ ಇಟ್ಟರೆ ಅದು ಜೀರ್ಣವಾಗುವುದಿಲ್ಲ, ಕೊಳೆಯುತ್ತದೆ, ಜೊತೆಗೆ ಎಲೆಯನ್ನೂ ಕೊಳೆಸುತ್ತದೆ. ಹನಿ ತುಂಬಿದ ಎರಡು ಮೂರು ಎಲೆ ಬಂದ ಮೇಲೆ ಮಾತ್ರ ಶುರುಮಾಡಿ.

ಆಗ ಏನು ಕೊಡಬೇಕು? ಮೀನಿಗೆ ಹಾಕುವ ಒಣ ಬ್ಲಡ್‌ವರ್ಮ್ ಅಥವಾ ಮೀನಿನ ಆಹಾರದ ಪುಡಿಯನ್ನು ಒಂದು ಹನಿ ನೀರಿನಲ್ಲಿ ಕಲಸಿ, ಹಲ್ಲುಕಡ್ಡಿಯ ತುದಿಯಿಂದ ಸಾಸಿವೆಗಿಂತ ಚಿಕ್ಕ ಪ್ರಮಾಣ. ಕೇಪೆನ್ಸಿಸ್‌ನ ಎಲೆ ಕೆಲವು ಗಂಟೆಗಳಲ್ಲಿ ಆಹಾರದ ಸುತ್ತ ಸುರುಳಿ ಸುತ್ತಿಕೊಳ್ಳುವುದನ್ನು ನೋಡುವುದೇ ಒಂದು ಸುಖ. ಒಂದೆರಡು ವಾರಕ್ಕೆ ಒಂದೆರಡು ಎಲೆಗೆ ಸಾಕು. ಚಾರ್ಲ್ಸ್ ಡಾರ್ವಿನ್ ತನ್ನ ಸನ್‌ಡ್ಯೂಗಳಿಗೆ ಮಾಂಸ, ಮೊಟ್ಟೆಯ ಬಿಳಿ, ಹಾಲು, ಚೀಸ್ ಎಲ್ಲ ಕೊಟ್ಟು ನೋಡಿ 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಪುಸ್ತಕವನ್ನೇ ಬರೆದ. ಹಾಗೆಂದು ನೀವು ಕೋಳಿ ತುಂಡು ಇಡಬೇಡಿ. ಅವನ ಮಗ ಫ್ರಾನ್ಸಿಸ್ ಮುಂದೆ ತಿನ್ನಿಸಿದ ಗಿಡ, ತಿನ್ನಿಸದ ಗಿಡಗಳನ್ನು ಹೋಲಿಸಿ, ತಿಂದವು ಹೆಚ್ಚು ಹೂದಂಟು, ಹೆಚ್ಚು ಬೀಜ ಕೊಟ್ಟವೆಂದು ತೋರಿಸಿದ. ಅಂದರೆ ಊಟದಿಂದ ಲಾಭವಿದೆ. ಆದರೆ ಊಟವಿಲ್ಲದೆಯೂ ಗಿಡ ಬದುಕುತ್ತದೆ, ಅವಸರವಿಲ್ಲ.

ಇನ್ನೂ ಚೇತರಿಸಿಲ್ಲ, ಆಗಲೇ ಹೂದಂಟು ಬಂದಿದೆ. ಬಿಡಲೇ?

ಬೆರಳುದ್ದವಿದ್ದಾಗಲೇ ಕತ್ತರಿಸಿ. ಮನಸ್ಸಾಗುವುದಿಲ್ಲ, ಗೊತ್ತು. ಕತ್ತರಿಸಿದ ಎಳೆಯ ದಂಟನ್ನೂ ಎಸೆಯದೆ ಎರಡು ಸೆಂಟಿಮೀಟರಿನ ತುಂಡುಗಳಾಗಿ ಮಾಡಿ ನೀರಿನಲ್ಲಿ ತೇಲಿಬಿಡಿ, ಕೆಲವೊಮ್ಮೆ ಅದರಿಂದಲೂ ಮರಿಗಳು ಏಳುತ್ತವೆ.

ಎಳೆಯ ಎಲೆಗಳು ಸುರುಟಿಕೊಂಡು ವಿಕಾರವಾಗಿ ಬರುತ್ತಿವೆ.

ಬಹುಶಃ ಸುಳಿಯಲ್ಲಿ ಸಸ್ಯಹೇನು ಕೂತಿದೆ. ಹುಳ ತಿನ್ನುವ ಗಿಡವನ್ನೇ ಹುಳ ತಿನ್ನುವುದು ವಿಪರ್ಯಾಸ, ಆದರೆ ಸುಳಿಯಲ್ಲಿ ಅಂಟಿಲ್ಲವಲ್ಲ. ಬೇವಿನ ಎಣ್ಣೆ, ಸೋಪಿನ ನೀರಿಗೆ ಕೈ ಹಾಕುವ ಮೊದಲು ಒಂದು ಖರ್ಚಿಲ್ಲದ ಉಪಾಯ: ಕುಂಡಸಹಿತ ಇಡೀ ಗಿಡವನ್ನು ಮಳೆ ನೀರಿನ ಬಕೆಟ್‌ನಲ್ಲಿ ಒಂದರಿಂದ ಎರಡು ದಿನ ಮುಳುಗಿಸಿಡಿ. ಜವುಗಿನ ಗಿಡ ಅದನ್ನು ಸಹಿಸುತ್ತದೆ, ಹೇನು ಸಹಿಸುವುದಿಲ್ಲ. ಹತ್ತು ದಿನದ ನಂತರ ಮತ್ತೊಮ್ಮೆ ಮುಳುಗಿಸಿ. ಹನಿಯೆಲ್ಲ ತೊಳೆದುಹೋಗುತ್ತದೆ, ಮತ್ತೆ ಬರುತ್ತದೆ.

ಗಿಡ ಪೂರ್ತಿ ಕಪ್ಪಾಯಿತು. ಎಸೆಯಲೇ?

ಎಸೆಯಬೇಡಿ. ಕೇಪೆನ್ಸಿಸ್ ಮತ್ತು ಅಡೆಲೆಗಳ ಬೇರು ಬದುಕಿದ್ದರೆ ಸಾಕು, ಅಲ್ಲಿಂದಲೇ ಹೊಸ ಸುಳಿ ಏಳುತ್ತದೆ. ಕಪ್ಪಾದ ಭಾಗವನ್ನು ಬುಡಕ್ಕೆ ಕತ್ತರಿಸಿ, ಮಿಶ್ರಣವನ್ನು ಒದ್ದೆಯಾಗಿಟ್ಟು ಎರಡು ಮೂರು ತಿಂಗಳು ಕಾಯಿರಿ. ನನ್ನ ಒಂದು ಕುಂಡವನ್ನು ಇನ್ನೇನು ಕರಿಬೇವಿನ ಬುಡಕ್ಕೆ ಸುರಿಯಬೇಕು ಎಂದು ಎತ್ತಿದಾಗ ಒಳಗೆ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆ ಕಂಡಿತು. ಈಗ ಆ ಕುಂಡದಲ್ಲಿ ನಾಲ್ಕು ಗಿಡಗಳಿವೆ. ಬರ್ಮಾನೈ ಮಾತ್ರ ಬೇರೆ: ಅದು ಸಾಮಾನ್ಯವಾಗಿ ಒಂದೇ ವರ್ಷದ ಜೀವ, ಹೂಬಿಟ್ಟು ಬೀಜ ಚೆಲ್ಲಿ ಕಪ್ಪಾದರೆ ಅದರ ಆಯುಷ್ಯ ಮುಗಿದದ್ದು, ನಿಮ್ಮ ತಪ್ಪಲ್ಲ.

ಸೊರಗಿದ ಗಿಡದ ಎಲೆಯಿಂದ ಹೊಸ ಗಿಡ ಮಾಡಬಹುದೇ?

ಇದೇ ಕಠಿಣ ಪ್ರಶ್ನೆ. ಎಲೆ ಕಿತ್ತರೆ ತಾಯಿ ಗಿಡದ ಶಕ್ತಿ ಕಡಿಮೆಯಾಗುತ್ತದೆ. ಕೀಳದೆ ತಾಯಿ ಸತ್ತರೆ ವಂಶವೇ ಹೋಗುತ್ತದೆ. ನಾನು ಪಾಲಿಸುವುದು ಹೀಗೆ. ಸುಳಿ ಹಸಿರಾಗಿದ್ದು ಹೊಸ ಎಲೆ ಬರುತ್ತಿದ್ದರೆ ಏನನ್ನೂ ಕೀಳುವುದಿಲ್ಲ. ಹೆಚ್ಚೆಂದರೆ ಹೊರಸಾಲಿನ, ಇನ್ನೂ ಹಸಿರಿರುವ ಒಂದು ಎಲೆ. ಸುಳಿಯೇ ಕೊಳೆಯುತ್ತಿದ್ದರೆ ದಾಕ್ಷಿಣ್ಯ ಬಿಟ್ಟು ಹಸಿರಿರುವ ಎಲ್ಲ ಎಲೆಗಳನ್ನೂ ಅದೇ ಸಂಜೆ ತೆಗೆದುಬಿಡುತ್ತೇನೆ. ಹನಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಹಸಿರಿದ್ದರೆ ಸಾಕು.

ಎಲೆಯನ್ನು ಕತ್ತರಿಯಿಂದ ಕತ್ತರಿಸುವ ಬದಲು ತೊಟ್ಟಿನ ಬುಡ ಹಿಡಿದು ಕೆಳಮುಖವಾಗಿ ಎಳೆಯಿರಿ, ಬುಡದ ಬಿಳಿ ಭಾಗವೂ ಕಿತ್ತುಬರಲಿ. ಆಮೇಲೆ ಎರಡು ದಾರಿ. ಒಂದು, ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಎರಡು ಬೆರಳು ಮಳೆ ನೀರು ಹಾಕಿ ಅದರಲ್ಲಿ ತೇಲಿಬಿಡುವುದು. ಇನ್ನೊಂದು, ಒದ್ದೆ ಸ್ಫಾಗ್ನಮ್ ಪಾಚಿಯ ಮೇಲೆ ರೋಮದ ಬದಿ ಮೇಲಾಗಿ ಮಲಗಿಸಿ, ಎಲೆ ಪಾಚಿಗೆ ತಾಗುವಂತೆ ಮೆಲ್ಲಗೆ ಒತ್ತಿ, ಡಬ್ಬಿ ಮುಚ್ಚುವುದು. ಎರಡಕ್ಕೂ ಒಳ್ಳೆಯ ಬೆಳಕು ಬೇಕು, ನೇರ ಬಿಸಿಲು ಬೇಡ. ನನಗೆ ಬಾಟಲಿಯೇ ಇಷ್ಟ: ಏನಾಗುತ್ತಿದೆ ಎಂದು ಮುಟ್ಟದೆ ನೋಡಬಹುದು. ಮೂರರಿಂದ ಆರು ವಾರದಲ್ಲಿ ಎಲೆಯ ಮೇಲೆ ಹಸಿರು ಗುಳ್ಳೆಗಳಂಥವು ಏಳುತ್ತವೆ. ಅವೇ ಮರಿಗಳು. ಒಂದು ಎಲೆಯಲ್ಲಿ ಒಂದೂ ಬರಬಹುದು, ಐದಾರೂ ಬರಬಹುದು. ಎಲೆ ಕಂದಾದ ಮಾತ್ರಕ್ಕೆ ಸತ್ತಿತೆಂದು ತಿಳಿಯಬೇಡಿ. ಕೊಳೆತು ಲೋಳೆಯಾಗಿ ನೀರು ಕದಡಿದರೆ ಮಾತ್ರ ತೆಗೆದು ನೀರು ಬದಲಿಸಿ.

ಬೇರಿನಿಂದ?

ಕುಂಡ ಬದಲಿಸುವಾಗ ಕೈಗೆ ಸಿಗುವ ದಪ್ಪನೆಯ ಕಪ್ಪು ಬೇರು ಒಂದನ್ನು ಮೂರು ಸೆಂಟಿಮೀಟರಿನ ತುಂಡು ಮಾಡಿ, ಅಡ್ಡಡ್ಡ ಮಲಗಿಸಿ, ಮೇಲೆ ಅರ್ಧ ಸೆಂಟಿಮೀಟರ್ ಪೀಟ್ ಹರಡಿ. ಒಂದೆರಡು ತಿಂಗಳಲ್ಲಿ ಮೊಳಕೆ. ಎಲೆಗಿಂತ ಗಟ್ಟಿ ಮರಿಗಳು ಬರುತ್ತವೆ. ಬೀಜ ಸಿಗುವುದು ಅಪರೂಪವಾದ ಅಡೆಲೆಗೆ ಇದೇ ರಾಜಮಾರ್ಗ.

ಬೀಜ ಬಿತ್ತುವುದು ಹೇಗೆ?

ಕೇಪೆನ್ಸಿಸ್ ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಂಡು ಬೀಜ ಕಟ್ಟುತ್ತದೆ. ಕಾಯಿ ಕಂದಾದ ಮೇಲೆ ಕಾಗದದ ಮೇಲೆ ತಟ್ಟಿದರೆ ಕಾಫಿ ಪುಡಿಯಂಥ ಬೀಜ ಉದುರುತ್ತದೆ. ಒದ್ದೆ ಪೀಟ್‌ನ ಮೇಲೆ ಉದುರಿಸಿ, ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ನೀರನ್ನು ತಟ್ಟೆಯಿಂದಲೇ ಕೊಡಿ, ಮೇಲಿನಿಂದ ಸುರಿದರೆ ಬೀಜವೆಲ್ಲ ಮೂಲೆ ಸೇರುತ್ತದೆ. ಮೂರು ನಾಲ್ಕು ವಾರದಲ್ಲಿ ಭೂತಗನ್ನಡಿಗೆ ಮಾತ್ರ ಕಾಣುವ ಮೊಳಕೆ. ಉಳಿದ ಬೀಜವನ್ನು ಕಾಗದದಲ್ಲಿ ಮಡಚಿ ಫ್ರಿಜ್‌ನಲ್ಲಿಡಿ. ಎಚ್ಚರಿಕೆ: ಒಮ್ಮೆ ಬೀಜ ಸಿಡಿಯಲು ಬಿಟ್ಟರೆ ಪಕ್ಕದ ಕುಂಡಗಳಲ್ಲೆಲ್ಲ ಕಳೆಯಂತೆ ಏಳುತ್ತದೆ.

ಕಲಬುರಗಿಯ ಬಿಸಿಲಿನಲ್ಲಿ ಬದುಕುತ್ತದೆಯೇ? ಮಂಗಳೂರಿನ ಸೆಕೆಯಲ್ಲಿ?

ಕೇಪೆನ್ಸಿಸ್‌ಗೆ ತಂಪು ರಾತ್ರಿ ಇಷ್ಟ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಂಗಳೂರು, ಮೈಸೂರು, ಮಡಿಕೇರಿಗಳ ಹವೆಯಲ್ಲಿ ಸೊರಗಿದ ಗಿಡವೂ ಎದ್ದು ಕೂರುತ್ತದೆ. 40 ಡಿಗ್ರಿ ದಾಟುವ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗಿಡ ತರಿಸಲೇಬೇಡಿ. ಕೊರಿಯರ್ ವ್ಯಾನಿನಲ್ಲೇ ಬೆಂದಿರುತ್ತದೆ. ಇರುವ ಗಿಡವನ್ನು ಕುಂಡಸಹಿತ ನೆರಳಿಗೆ ತಂದು ನೆಲದ ಮೇಲಿಡಿ. ಕರಾವಳಿಯವರು ಬರ್ಮಾನೈ ಬೀಜದಿಂದ ಶುರುಮಾಡಲಿ, ಸೆಕೆ ಅದಕ್ಕೆ ತವರುಮನೆ.

ಘಟ್ಟದಲ್ಲಿ ಇಂಥದೇ ಗಿಡ ಕಂಡೆ. ಕಿತ್ತು ತರಲೇ?

ಬೇಡ. ಭಾರತದಲ್ಲಿ ಬರ್ಮಾನೈ, ಇಂಡಿಕಾ, ಪೆಲ್ಟಾಟಾ ಗುಂಪಿನ ಸನ್‌ಡ್ಯೂಗಳು ಕಾಡಿನಲ್ಲಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಪಶ್ಚಿಮ ಘಟ್ಟದ ಜಂಬಿಟ್ಟಿಗೆ ಹಾಸುಗಳ ಮೇಲೆ, ಒದ್ದೆ ಹುಲ್ಲಿನ ನಡುವೆ, ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಬರ್ಮಾನೈಗಳ ಮೇಲೆ ಕಾಲಿಟ್ಟ ಮೇಲೆಯೇ ಅವು ಅಲ್ಲಿದ್ದವೆಂದು ತಿಳಿಯುವುದು. ಅದರ ಹೊರಸಾಲಿನ ರೋಮಗಳು ಇರುವೆ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಮಡಚಿಕೊಳ್ಳುತ್ತವೆ. ಬೋರಲಾಗಿ ಮಲಗಿ ನೋಡಿ, ಫೋಟೊ ತೆಗೆಯಿರಿ. ಕಾಡಿನಿಂದ ಗಿಡ ತರುವುದು ಕಾನೂನಿಗೂ ವಿರುದ್ಧ, ಕಿತ್ತು ತಂದದ್ದು ಕುಂಡದಲ್ಲಿ ಬದುಕುವುದೂ ಅಪರೂಪ. ಪೆಲ್ಟಾಟಾ ಗುಂಪಿನದು ಒಣಗಾಲದಲ್ಲಿ ಎಲೆ ಉದುರಿಸಿ ನೆಲದೊಳಗಿನ ಗೆಡ್ಡೆಯಾಗಿ ಮಲಗುತ್ತದೆ. ಮೇಲಿನದನ್ನಷ್ಟೇ ಕಿತ್ತು ತಂದವನ ಕೈಯಲ್ಲಿ ಒಂದು ದಾರದ ಎಳೆ ಉಳಿದಿರುತ್ತದೆ.

ಈ ಗಿಡ ಸಾಕಿದರೆ ಮನೆಯ ಸೊಳ್ಳೆ ಕಡಿಮೆಯಾಗುತ್ತದೆಯೇ?

ಇಲ್ಲ. ಕುಂಡದ ಸುತ್ತ ಹಾರುವ ನುಸಿ ಕಡಿಮೆಯಾಗುತ್ತದೆ. ಸೊಳ್ಳೆಗೆ ಪರದೆ ಕಟ್ಟಿ.